ನೀರು ಕಳಿಸಿದ ಅಕ್ಕ

ಅಕ್ಕನನ್ನು ಮಣ್ಣು ಮಾಡಿ ಬಂದು, ಕೈಕಾಲು ತೊಳೆದುಕೊಂಡು ಕೇರಿಯ ಜಗಲಿಯಲ್ಲಿ ಕೂತಿದ್ದೆವು. ಒಬ್ಬರಾದ ಮೇಲೊಬ್ಬರು ಅದೇ ಮಾತು ಎತ್ತಿದರು. ಎಂಥ ದೊಡ್ಡ ಮನಸ್ಸು ಆಕೆಯದು, ಗಂಡನ ಸಾವಿಗೆ ಕಾರಣನಾದವನು ಹಾಸಿಗೆ ಹಿಡಿದು ಒದ್ದಾಡುವಾಗ ಅವನ ಬಾಯಿಗೆ ನೀರು ಕಳಿಸಿದಳಲ್ಲ, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ ಭೂಮಿತಾಯಿ ಎಂದರು. ಭೂಮಿತಾಯಿ ಎಂದವನ ಮುಖ ನೋಡಿದೆ. ನಿಜವಾಗಿಯೂ ಕಣ್ಣು ಒರೆಸಿಕೊಳ್ಳುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು, ಎದ್ದು ಬಂದುಬಿಟ್ಟೆ.

ಆ ನೀರನ್ನು ಕೈಯಲ್ಲಿ ಹಿಡಿದುಕೊಂಡು ಹೋದವನು ನಾನು. ಅಕ್ಕ ಅವನನ್ನು ಕ್ಷಮಿಸಿರಲಿಲ್ಲ. ಕ್ಷಮಿಸಬೇಕು ಎಂದು ಅವಳಿಗೆ ಒಂದು ಗಳಿಗೆಯೂ ಅನ್ನಿಸಿದ್ದಿಲ್ಲ. ಈಗ ಸತ್ತ ಮೇಲೆ ಅವಳನ್ನು ಸಾಧ್ವಿ ಮಾಡಿ ಕೂರಿಸಿದರೆ ಅವಳು ಬದುಕಿದ್ದಷ್ಟು ಕಾಲ ಮಾಡಿದ ಕೆಲಸವನ್ನೆಲ್ಲ ಕಿತ್ತುಕೊಂಡ ಹಾಗೆ. ಬದುಕಿದ್ದಾಗ ಅವಳಿಗೆ ಮಾಡಿದ ಅನ್ಯಾಯವೇ ಸಾಕಷ್ಟಿದೆ.

ಅವಳು ನನಗೆ ಒಡಹುಟ್ಟಿದವಳಲ್ಲ, ಕರೆದು ಅಕ್ಕನಾದವಳು, ಚನ್ನರಾಯನದುರ್ಗದ ಕಲ್ಲುಕುಟಿಗರ ಕೇರಿಯವಳು. ಗಂಡಸರು ಕಲ್ಲು ಒಡೆಯಲು ಹೋದಲ್ಲೆಲ್ಲ ಅವಳ ಕುಲುಮೆಯೂ ಹೋಗುತ್ತಿತ್ತು. ಮೊಂಡಾದ ಉಳಿಗಳನ್ನು ಕೆಂಪಗೆ ಕಾಯಿಸಿ, ಬಡಿದು, ನೀರಿಗೆ ಅದ್ದಿ ಹದ ಮಾಡುವುದು ಗಂಡನ ಕೆಲಸ, ತಿದಿ ಒತ್ತುವುದು ಇವಳ ಕೆಲಸ. ಚರ್ಮದ ತಿದಿಯನ್ನು ಅವಳು ಒತ್ತುತ್ತಿದ್ದ ರೀತಿ ನೋಡಬೇಕಿತ್ತು. ಅವಸರವೇ ಇರುತ್ತಿರಲಿಲ್ಲ. ಬಾಯಲ್ಲಿ ಎಲೆ ಅಡಿಕೆ, ಕಣ್ಣು ಮಾತ್ರ ಬೆಂಕಿಯ ಮೇಲೆ. ಗಂಡ "ಇನ್ನೂ ಜೋರಾಗಿ ಒತ್ತೇ" ಎಂದರೆ, "ಕಾಯ್ಲಿ ಇರು, ಕಬ್ಬಿಣ ಎಲ್ಲಿಗೂ ಓಡೋಗಲ್ಲ" ಎನ್ನುತ್ತಿದ್ದಳು. ಕಬ್ಬಿಣಕ್ಕೆ ಹೇಳಿದ್ದನ್ನೇ ಮುಂದೆ ಒಬ್ಬ ಮನುಷ್ಯನ ಮೇಲೂ ಪ್ರಯೋಗಿಸಿದಳು.

ಅವಳ ಸ್ವಭಾವ ನನಗೆ ಮೊದಲು ಗೊತ್ತಾಗಿದ್ದು ಒಂದು ಎಣ್ಣೆಯ ವಿಷಯದಲ್ಲಿ. ಶಿರಾ ಸಂತೆಯ ವ್ಯಾಪಾರಿಯೊಬ್ಬ ಅವಳಿಗೆ ಕಲಬೆರಕೆ ಹರಳೆಣ್ಣೆ ಕೊಟ್ಟಿದ್ದ. ಬೇರೆ ಹೆಂಗಸರಾಗಿದ್ದರೆ ಮಾರನೆಯ ಸಂತೆಯಲ್ಲಿ ಹೋಗಿ ಬಾಯಿ ಮಾಡಿ ಬರುತ್ತಿದ್ದರು. ಇವಳು ಆ ಎಣ್ಣೆಯನ್ನು ಮುಚ್ಚಿ ನಾಗಂದಿಗೆಯ ಮೇಲೆ ಎತ್ತಿಟ್ಟಳು. ಸಂತೆಯಲ್ಲಿ ಅವನು ಸಿಕ್ಕಾಗಲೆಲ್ಲ ನಗುನಗುತ್ತ ಯೋಗಕ್ಷೇಮ ಕೇಳುತ್ತಿದ್ದಳು. ಕೊನೆಗೆ ಅವನ ಮನೆಯ ಮದುವೆಗೆ ಕರೆ ಬಂತು. ಅದೇ ಎಣ್ಣೆಯನ್ನು ತಂಬಿಗೆಯಲ್ಲಿ ತುಂಬಿಕೊಂಡು ಹೋಗಿ, "ನಿಮ್ಮ ಅಂಗಡೀದೇ ಕಣಣ್ಣ, ಆರತಿಗೆ ಆಗ್ಲಿ ಅಂತ ತಂದೆ" ಎಂದು ಹತ್ತು ಜನರ ಮುಂದೆ ಕೊಟ್ಟಳು. ಆರತಿ ದೀಪ ಚಟಪಟ ಎಂದು ಆರಿಹೋಯಿತಂತೆ. ಇದನ್ನು ನನಗೆ ಹೇಳಿ ಅವಳು ನಕ್ಕ ನಗು ಈಗಲೂ ಕಿವಿಯಲ್ಲಿದೆ. ಗಂಡನಿಗೂ ಅವಳೆಂದರೆ ಸ್ವಲ್ಪ ಭಯ, ಬಹಳ ಪ್ರೀತಿ. ಬಳಪದ ಕಲ್ಲಿನಲ್ಲಿ ಅಂಗೈಯಗಲದ ಬಟ್ಟಲೊಂದನ್ನು ಕೆತ್ತಿ, ಅಂಚಿಗೆ ಬಳ್ಳಿ ಬಿಡಿಸಿ ಕೊಟ್ಟಿದ್ದ. ಆಯುಧಗಳಿಗೆ ಹಚ್ಚುವ ಎಣ್ಣೆ ಅದರಲ್ಲೇ ಇರುತ್ತಿತ್ತು.

ನಾನು ಫಿಟ್ಟರ್. ಚಿನ್ನದ ಗಣಿಯಲ್ಲಿ ಗಾಳಿಯ ಯಂತ್ರಗಳ ಕೆಲಸ ಕಲಿತು ಬಂದವನು. ಅಕ್ಕ ನನ್ನನ್ನು ಕರೆಯುತ್ತಿದ್ದದ್ದು ಪಿಟ್ರಪ್ಪ ಎಂದು. ಮಹಾರಾಜರ ಆಳ್ವಿಕೆಯ ಕೊನೆಯ ವರ್ಷಗಳು, ಹೊರಗೆ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಮಧುಗಿರಿಯ ಕಂಟ್ರಾಕ್ಟರ್ ಒಬ್ಬ ಕೊರಟಗೆರೆ ಕಡೆಯ ಕೆರೆಯೊಂದಕ್ಕೆ ಹೊಸ ತೂಬು ಕಟ್ಟುವ ಕೆಲಸ ಹಿಡಿದಿದ್ದ. ಕಲ್ಲು ಒಪ್ಪ ಮಾಡಲು ಗಾಳಿ ಸುತ್ತಿಗೆ ತರಿಸಿದ್ದ. ಎಂಜಿನ್ನು ಗಾಳಿಯನ್ನು ಒತ್ತಿ ರಬ್ಬರ್ ಕೊಳವೆಯಲ್ಲಿ ಕಳಿಸಿದರೆ ಕೈಯಲ್ಲಿ ಹಿಡಿದ ಸುತ್ತಿಗೆ ತಾನೇ ಟಕಟಕ ಕುಟ್ಟುತ್ತದೆ. ಕಲ್ಲಿನ ಕೆಲಸಕ್ಕೆ ಅಕ್ಕನ ಕೇರಿಯವರನ್ನು, ಯಂತ್ರ ನೋಡಿಕೊಳ್ಳಲು ನನ್ನನ್ನು ಇಟ್ಟುಕೊಂಡಿದ್ದ. ಎಲ್ಲರೂ ಅವನನ್ನು ಸಾವ್ಕಾರ್ರು ಎನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಇಸ್ತ್ರಿ ಕೋಟು, ಜರಿ ಪೇಟ, ಕಿರುಗುಟ್ಟುವ ಮೆಟ್ಟು. ಕೆಲಸಗಾರನ ಹೆಗಲ ಮೇಲೆ ಬಗ್ಗಿ ನಿಂತು, "ಅಲ್ಲಿ ಹೊಡಿ, ಇಲ್ಲಿ ಹೊಡಿ" ಎಂದು ಪ್ರಾಣ ತಿನ್ನುವುದು ಅವನ ಚಾಳಿ.

ಮಳೆಗಾಲ ಹತ್ತಿರ ಬಂದಿತ್ತು. ಅದರೊಳಗೆ ತೂಬು ಮುಗಿಯಬೇಕು. ಅಷ್ಟರಲ್ಲಿ ಎಂಜಿನ್ನು ಕೆಟ್ಟಿತು. ಯುದ್ಧಕಾಲದಲ್ಲಿ ಬಿಡಿಭಾಗ ಎಲ್ಲಿ ಸಿಗಬೇಕು? ಸಾವ್ಕಾರ ಮಧುಗಿರಿಯ ತನ್ನ ಶೆಡ್ಡಿನಿಂದ ಎತ್ತಿನ ಗಾಡಿಯಲ್ಲಿ ಎರಡು ಉಕ್ಕಿನ ಸಿಲಿಂಡರ್ ತರಿಸಿದ. "ಎಂಜಿನ್ ಯಾಕಪ್ಪ? ಇದರಲ್ಲೇ ಒತ್ತಿ ತುಂಬಿದೆಯಲ್ಲ. ಕೊಳವೆ ಸಿಕ್ಕಿಸು, ಸುತ್ತಿಗೆ ಓಡಲಿ" ಎಂದ.

ಸಿಲಿಂಡರಿನಿಂದ ಸುತ್ತಿಗೆ ಓಡಿಸಬಾರದು ಅಂತೇನಿಲ್ಲ. ಒಳಗೆ ಬರೀ ಗಾಳಿ ಇರಬೇಕು, ಇಲ್ಲವೇ ಉರಿಯದ, ಉರಿಸದ ಬೇರೆ ಗ್ಯಾಸ್ ಇರಬೇಕು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಬಿಗಿಯಾಗಿ ಕಟ್ಟಬೇಕು. ಒಳಗಿನ ಒತ್ತಡವನ್ನು ಸುತ್ತಿಗೆ ತಡೆಯುವಷ್ಟಕ್ಕೆ ಇಳಿಸುವ ರೆಗ್ಯುಲೇಟರ್ ನಡುವೆ ಇರಬೇಕು. ಸಾವ್ಕಾರ ತರಿಸಿದ್ದು ಕಬ್ಬಿಣ ಬೆಸೆಯುವ, ಕತ್ತರಿಸುವ ಕೆಲಸಕ್ಕೆ ಇಟ್ಟುಕೊಂಡಿದ್ದ ಆಕ್ಸಿಜನ್. ಅದು ಉರಿಗೆ ಊಟ ಹಾಕುವ ಗ್ಯಾಸ್. ಒತ್ತಡದಲ್ಲಿ ಅದು ಎಣ್ಣೆಗೆ ತಗುಲಿದರೆ ಬೆಂಕಿಕಡ್ಡಿಯೂ ಬೇಕಿಲ್ಲ, ತಾನಾಗಿ ಹೊತ್ತಿಕೊಂಡು ಸಿಡಿಯುತ್ತದೆ. ಗಾಳಿ ಸುತ್ತಿಗೆಯ ಹೊಟ್ಟೆಯಲ್ಲಿ ಎಣ್ಣೆ ಇಲ್ಲದಿದ್ದರೆ ಅದು ಓಡುವುದೇ ಇಲ್ಲ. ಇದನ್ನೆಲ್ಲ ಅವನಿಗೆ ಬಿಡಿಸಿ ಹೇಳಿದೆ. "ಸಾವ್ಕಾರ್ರೆ, ಯಾರಾದ್ರೂ ಸಾಯ್ತಾರೆ" ಎಂದೆ. ಅವನು ಪೇಟ ಸರಿಮಾಡಿಕೊಂಡು, "ಗೊತ್ತಪ್ಪ, ನನಗೆ ಗೊತ್ತಿಲ್ಲವೇ? ಬಿಡು ಹಾಗಾದರೆ. ನೀನು ಶಿರಾಕ್ಕೆ ಹೋಗಿ ಎಂಜಿನ್ನಿನ ಸಾಮಾನು ಸಿಗುತ್ತದೇನೋ ವಿಚಾರಿಸಿಕೊಂಡು ಬಾ" ಎಂದ. ನಾನು ನಂಬಿ ಹೋದೆ.

ಮರುದಿನ ಬರುವಷ್ಟರಲ್ಲಿ ಅಕ್ಕನ ಗಂಡ ಮಣ್ಣಾಗಿದ್ದ.

ಆ ಕೇರಿಯವರಲ್ಲಿ ಒಂದು ಪದ್ಧತಿ ಇದೆ. ಯಾವ ಹೊಸ ಆಯುಧ ಬಂದರೂ ಮೊದಲ ಪೆಟ್ಟಿಗೆ ಮುಂಚೆ ಅದಕ್ಕೆ ಎಣ್ಣೆ ಹಚ್ಚಿ ಕುಂಕುಮ ಇಡಬೇಕು. ನಾನು ಅತ್ತ ಹೋದದ್ದೇ ಸಾವ್ಕಾರ ಸಿಲಿಂಡರಿಗೆ ಕೊಳವೆ ಹಾಕಿಸಿದ್ದ, ಅದೂ ಅವರ ಕಣ್ಣಿಗೆ ಹೊಸ ಆಯುಧವೇ. ಸುತ್ತಿಗೆ ಹಿಡಿಯಬೇಕಿದ್ದ ಅಕ್ಕನ ಗಂಡ ಬಟ್ಟಲಿನ ಹರಳೆಣ್ಣೆಯನ್ನು ಸಿಲಿಂಡರಿನ ಬಾಯಿಗೆ, ಕೊಳವೆಯ ಜೋಡಣೆಗೆ, ಸುತ್ತಿಗೆಗೆ ಹಚ್ಚಿ ಕೈಮುಗಿದ. ಬೇಡ ಎನ್ನಬೇಕಾದ ಸಾವ್ಕಾರ ಅಲ್ಲೇ ಇದ್ದ. ಅನ್ನಲಿಲ್ಲ. ಅಂದಿದ್ದರೆ ಯಾಕೆ ಎಂದು ಕೇಳುತ್ತಿದ್ದರು, ಉತ್ತರ ಕೊಟ್ಟರೆ ಯಾರೂ ಸುತ್ತಿಗೆ ಮುಟ್ಟುತ್ತಿರಲಿಲ್ಲ. ಆ ಎಣ್ಣೆ ಹಚ್ಚದಿದ್ದರೂ ಸುತ್ತಿಗೆಯೊಳಗಿನ ಎಣ್ಣೆ ಇದ್ದೇ ಇತ್ತು. ಗ್ಯಾಸ್ ಬಿಡುವ ಕೀಲಿ ತಿರುಗಿಸಿದ್ದೇ ತಡ, ಸುತ್ತಿಗೆ ಅವನ ಕೈಯಲ್ಲೇ ಸಿಡಿಯಿತು.

ಅಕ್ಕ ಕುಲುಮೆಯ ಹತ್ತಿರ ಕೂತು ಎಲ್ಲವನ್ನೂ ನೋಡಿದ್ದಳು. ನಾನು ಹೋದಾಗ ಅವಳು ಅಳುತ್ತಿರಲಿಲ್ಲ. ಗಂಡನ ಉಳಿಯೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಿದ್ದಳು. ನನ್ನನ್ನು ಕಂಡವಳೇ ಕೇಳಿದಳು:

"ಪಿಟ್ರಪ್ಪ, ಯಾವತ್ತೂ ಕೆಲ್ಸದವರ ಹೆಗಲ ಮ್ಯಾಲೇ ನಿಂತಿರೋನು, ನಿನ್ನೆ ಯಾಕೆ ಹುಣಸೆಮರದ ಹಿಂದಕ್ಕೆ ಹೋದ?"

ನನಗೆ ಅರ್ಥವಾಗಲಿಲ್ಲ.

"ನಮ್ಮವ್ರು ಕೀಲಿಗೆ ಕೈ ಹಾಕಿದ್ರು. ಅವ್ನು ಮೆಲ್ಲಗೆ ಹಿಂದಿಂದಕ್ಕೆ ಹೋಗಿ ಹುಣಸೆಮರದ ಮರೇಲಿ ನಿಂತ್ಕಂಡ. ನಾನು ನೋಡ್ದೆ. ಆಮೇಲೆ ಸಿಡೀತು. ಯಾಕೆ ಹೋದ, ಹೇಳು."

ಗ್ಯಾಸಿನ ವಿಷಯ, ನಾನು ಅವನಿಗೆ ಹೇಳಿದ್ದು, ಅವನು ನನ್ನನ್ನು ಶಿರಾಕ್ಕೆ ಅಟ್ಟಿದ್ದು, ಎಲ್ಲ ಹೇಳಿದೆ. ಅವಳು ಮಧ್ಯೆ ಒಂದೇ ಪ್ರಶ್ನೆ ಕೇಳಿದಳು. "ಎಣ್ಣೆ ಮುಟ್ಟಿದ್ರೆ ಉರೀತದೆ ಅಂತ ಅವ್ನಿಗೆ ಗೊತ್ತಿತ್ತು?" ಗೊತ್ತಿತ್ತು ಎಂದೆ.

ಸಾವ್ಕಾರ ಸುತ್ತಿಗೆ ಸಿಡಿದ ದಿನ ಸಂಜೆಯೊಳಗೇ ಸಿಲಿಂಡರುಗಳನ್ನೂ ಒಡೆದ ಸುತ್ತಿಗೆಯನ್ನೂ ಹುಲ್ಲು ಮುಚ್ಚಿ ಗಾಡಿಯಲ್ಲಿ ಸಾಗಿಸಿದ್ದ. ಊರ ಹಿರಿಯರ ಮುಂದೆ ನಿಂತು, ಒಳಗಿದ್ದದ್ದು ಬರೀ ಗಾಳಿ, ಇವನು ಕುಡಿದು ಬಂದು ಕೀಲಿಯನ್ನು ಅಡ್ಡಾದಿಡ್ಡಿ ತಿರುಗಿಸಿದ ಎಂದುಬಿಟ್ಟ. ನಾನು ಎದ್ದು ಅದು ಸುಳ್ಳು ಎಂದೆ. "ನೀನು ಆ ದಿನ ಅಲ್ಲಿದ್ದೆಯಾ?" ಎಂದು ಕೇಳಿದ. ಇರಲಿಲ್ಲ. ಅಲ್ಲಿಗೆ ನನ್ನ ಮಾತು ಬಿತ್ತು, ಕೆಲಸವೂ ಹೋಯಿತು.

ಕುಡಿದಿದ್ದ ಎಂಬ ಆ ಮಾತು ಆಡಿ ಮರೆಯುವಂಥದ್ದಲ್ಲ. ಆಯುಧಪೂಜೆಯ ದಿನ ಆ ಕೇರಿಯಲ್ಲಿ ಇದ್ದವರ ಉಳಿಗಳ ಜೊತೆಗೆ ತೀರಿಕೊಂಡವರ ಉಳಿಗಳನ್ನೂ ಒಂದೇ ಸಾಲಿನಲ್ಲಿ ಜೋಡಿಸಿ, ಹೆಸರು ಹಿಡಿದು ಎಣ್ಣೆ ಹಚ್ಚುತ್ತಾರೆ. ಉಳಿ ಸಾಲಿನಲ್ಲಿದ್ದರೆ ಆ ಮನುಷ್ಯ ಕುಲದಲ್ಲಿದ್ದಾನೆ ಎಂದು ಅರ್ಥ. ಆದರೆ ಕುಡಿದು ಆಯುಧ ಮುಟ್ಟಿ ಸತ್ತವನ ಉಳಿಗೆ ಸಾಲಿನಲ್ಲಿ ಜಾಗವಿಲ್ಲ. ಆ ವರ್ಷ ಕೇರಿಯ ಯಜಮಾನ, ಸತ್ತವನಿಗೆ ಸ್ವಂತ ಚಿಕ್ಕಪ್ಪ, ಅಕ್ಕ ತಂದಿಟ್ಟ ಉಳಿಯನ್ನು ಎತ್ತಿ ಅವಳ ಕೈಗೇ ವಾಪಸು ಕೊಟ್ಟ. ಇಡೀ ಕೇರಿ ನೋಡುತ್ತಿತ್ತು. ಸಾವ್ಕಾರ ಕೆಲಸ ಕೊಡುವವನು, ಇವಳು ತಿದಿ ಒತ್ತುವವಳು. ಯಾರ ಮಾತು ನಂಬುತ್ತಾರೆ? ಆ ಮುದುಕನ ಮುಖಕ್ಕೆ ಉಗಿಯಬೇಕು ಅನ್ನಿಸಿತ್ತು ನನಗೆ. ಅಕ್ಕ ಉಳಿಯನ್ನು ಸೆರಗಿನಲ್ಲಿ ಒರೆಸಿ, ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು, "ಜಾಗ ಹಿಡ್ದಿಟ್ಟಿರು ಮಾವ" ಎಂದಳು.

ಆಮೇಲಿನ ಒಂದು ವರ್ಷ ಅವಳು ಬಾಯಿ ಬಿಡಲಿಲ್ಲ. ಎಣ್ಣೆ ವ್ಯಾಪಾರಿಯ ಕಥೆ ಗೊತ್ತಿದ್ದ ನನಗೆ ಆ ಮೌನ ನೋಡಿ ಭಯವಾಗುತ್ತಿತ್ತು. ಉಳಿಗೆ ಕೆಲಸವಿಲ್ಲದಿದ್ದರೂ ಆಗಾಗ ಕಾಯಿಸಿ ಹದ ಹಿಡಿಯುತ್ತಿದ್ದಳು. ಸಾವ್ಕಾರ ದಾರಿಯಲ್ಲಿ ಸಿಕ್ಕರೆ ಸೆರಗು ಹೊದ್ದು ನಿಂತು, "ಚೆಂದಾಗಿದ್ದೀರಾ ಸಾವ್ಕಾರ್ರೆ?" ಎಂದು ಕೇಳುತ್ತಿದ್ದಳು. ಅವನು, ಪಾಪ, ಒಳ್ಳೆಯ ಹೆಂಗಸು ಎಂದುಕೊಂಡಿರಬೇಕು.

ಮರುವರ್ಷ ಸಾವ್ಕಾರ ಮಧುಗಿರಿಯ ತನ್ನ ಶೆಡ್ಡಿನಲ್ಲಿ ಅದ್ದೂರಿಯಾಗಿ ಆಯುಧಪೂಜೆ ಇಟ್ಟುಕೊಂಡ. ಅವನಿಗೆ ಕೆಲಸ ಮಾಡಿದ ಕೇರಿಯವರನ್ನೆಲ್ಲ ಊಟಕ್ಕೆ ಕರೆದಿದ್ದ. ಅವರು ತಮ್ಮ ಉಳಿಗಳನ್ನೂ ಅಲ್ಲಿಗೇ ತಂದು ಸಾಲು ಜೋಡಿಸಿದ್ದರು. ಅಕ್ಕ ನನ್ನನ್ನೂ ಬಲವಂತವಾಗಿ ಕರೆದುಕೊಂಡು ಹೋದಳು. ಶೆಡ್ಡಿನ ಮೂಲೆಯಲ್ಲಿ ಅಂಥದ್ದೇ ಸಿಲಿಂಡರ್ ಒಂದು ಸೇವಂತಿಗೆ ಹಾರ ಹಾಕಿಸಿಕೊಂಡು ನಿಂತಿತ್ತು. ಸಾವ್ಕಾರ ಅದರ ಪಕ್ಕದಲ್ಲೇ ನಿಂತು ಬಂದವರಿಗೆ ವೀಳ್ಯ ಕೊಡುತ್ತಿದ್ದ. ಅಕ್ಕ ಗಂಡನ ಬಳಪದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೇರವಾಗಿ ಅಲ್ಲಿಗೆ ನಡೆದಳು.

"ಸಾವ್ಕಾರ್ರೆ, ಇದು ಆವತ್ತಿನ ಅಂಥದ್ದೇ ಅಲ್ವ್ರಾ?"

"ಅಂಥದ್ದೇ. ಯಾಕಮ್ಮ?"

"ಒಳಗೆ ಬರೀ ಗಾಳಿ?"

ಸಾವ್ಕಾರ ಸುತ್ತ ನೋಡಿದ. ಕೇರಿಯ ಯಜಮಾನ ಇದ್ದ, ಊರ ಹಿರಿಯರೂ ಇದ್ದರು. "ಗಾಳಿನೇ" ಎಂದ.

"ಅಂಗಾದ್ರೆ ಭಯ ಇಲ್ಲ ಬುಡಿ. ನಮ್ಮವ್ರು ಹಚ್ಚಿದಂಗೆ ನಾನೂ ಇದ್ರ ಬಾಯಿಗೆ ಎಣ್ಣೆ ಹಚ್ಚಿ ಪೂಜೆ ಮಾಡ್ತೀನಿ. ನೀವು ಇಲ್ಲೇ ನಿಂತ್ಕಂಡು ಕೀಲಿ ತಿರುಗ್ಸಿ. ನೀವೇನೂ ಕುಡ್ದಿಲ್ವಲ್ಲ."

"ಈ ಹುಚ್ಚಿಯನ್ನು ಹೊರಗೆ ಕಳಿಸ್ರೋ!"

ಅವಳು ಬಟ್ಟಲಿನಲ್ಲಿ ಬೆರಳು ಅದ್ದಿ ಕೀಲಿಯ ಕಡೆ ಕೈ ಚಾಚಿದಳು. ನಾನು ಕೂಗುವ ಮೊದಲೇ ಸಾವ್ಕಾರ ಕೂಗಿದ, "ಎಣ್ಣೆ ಮುಟ್ಟಿಸಬೇಡ! ಹೊತ್ತಿಕೊಳ್ಳುತ್ತೆ! ಎಲ್ಲ ಸಾಯ್ತೀರಾ!"

ಕೂಗಿದವನು ಅಲ್ಲಿ ನಿಲ್ಲಲಿಲ್ಲ. ವೀಳ್ಯದ ತಟ್ಟೆ ಎಸೆದು, ಅಡ್ಡ ಬಂದವರನ್ನು ತಳ್ಳಿ, ಪೇಟ ಉರುಳಿದ್ದೂ ಗೊತ್ತಾಗದೆ, ಒಂದು ಕಾಲಿನ ಮೆಟ್ಟು ಬಿಟ್ಟು ಶೆಡ್ಡಿನಾಚೆಗೆ ಓಡಿ ಗೋಡೆಯ ಮರೆಯಲ್ಲಿ ಕೂತ. ನನಗೆ ಆ ದೃಶ್ಯ ಇವತ್ತಿಗೂ ಹಬ್ಬದೂಟ. ಅಕ್ಕನ ಬೆರಳು ಕೀಲಿಯನ್ನು ಮುಟ್ಟದೆ ಹಾಗೇ ನಿಂತಿತ್ತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಬಟ್ಟಲನ್ನು ತುಟಿಗಿಟ್ಟು ಗಟಗಟನೆ ಕುಡಿದಳು.

"ನೀರು ಕಣ್ರಪ್ಪ," ಎಂದಳು. "ಬಿಸಿಲಲ್ಲಿ ಬಂದಿದ್ದೆ, ಬಾಯಾರಿತ್ತು. ಎಣ್ಣೆ ಮುಟ್ಟಿದ್ರೆ ಹೊತ್ಕೊತದೆ ಅಂತ ನಾನು ಹೇಳ್ಲಿಲ್ಲ, ಪಿಟ್ರಪ್ಪನೂ ಹೇಳ್ಲಿಲ್ಲ. ಯಾರು ಹೇಳಿದ್ರು, ಕೇಳಿಸ್ಕಂಡ್ರಲ್ಲ?"

ಕೇರಿಯ ಯಜಮಾನ ಮುಂದೆ ಬಂದು ಉಳಿ ಕೇಳಿದ. ಅವಳು ಸೊಂಟದಿಂದ ತೆಗೆದುಕೊಟ್ಟಳು. ಮುದುಕ ಅದನ್ನು ಸಾಲಿನ ಮೊದಲಿಗೇ ಇಡಲು ಹೋದ. "ಅಲ್ಲಲ್ಲ ಮಾವ, ಅವ್ರಪ್ಪನ ಪಕ್ಕಕ್ಕೆ" ಎಂದು ತಾನೇ ಎತ್ತಿ, ಗಂಡನ ತಂದೆಯ ಉಳಿಯ ಪಕ್ಕದಲ್ಲಿ ಸರಿಯಾಗಿ ಕೂರಿಸಿದಳು. ಆಗ ಅತ್ತಳು. ಜೋರಾಗಿ, ವರ್ಷದ್ದೆಲ್ಲ ಸೇರಿಸಿ ಅತ್ತಳು. ಆ ಯಜಮಾನನಿಗೆ ಮಾತ್ರ ಅವನು ಸಾಯುವ ತನಕ ತನ್ನ ಮನೆಯಲ್ಲಿ ಒಂದು ಲೋಟ ಮಜ್ಜಿಗೆ ಕೊಡಲಿಲ್ಲ. ದಾರಿಹೋಕರಿಗೆಲ್ಲ ಕರೆದು ಕೊಡುತ್ತಿದ್ದವಳು.

ಇಷ್ಟಕ್ಕೇ ನಿಲ್ಲಿಸುತ್ತಾಳೆ ಎಂದುಕೊಂಡಿದ್ದೆ. "ಇನ್ನು ಸಾಕಲ್ಲಕ್ಕ" ಎಂದೆ.

"ನನ್ ಗಂಡ ಬದುಕಿದ್ದು ಸಾಕು ಅಂದಿದ್ನಾ?" ಎಂದಳು.

ಸಾವ್ಕಾರನಿಗೆ ಎಲ್ಲಿ ಕೆಲಸ ಸಿಕ್ಕಿದರೂ ಅವನಿಗಿಂತ ಮೊದಲು ಅಕ್ಕನ ಕುಲುಮೆ ಅಲ್ಲಿರುತ್ತಿತ್ತು. ಶಿರಾ ಆಯಿತು, ಹುಲಿಕುಂಟೆ ಆಯಿತು. ಉಳಿ ಹದ ಮಾಡಿಸಲು ಬಂದವರಿಗೆಲ್ಲ ತಿದಿ ಒತ್ತುತ್ತಲೇ ಹುಣಸೆಮರದ ಕಥೆ ಹೇಳುತ್ತಿದ್ದಳು. ಸಿಲಿಂಡರ್ ಕಟ್ಟಿದೆಯಾ ನೋಡು, ನಡುವೆ ರೆಗ್ಯುಲೇಟರ್ ಇದೆಯಾ ಕೇಳು ಎಂದು ನಾನು ಹೇಳಿಕೊಟ್ಟಿದ್ದನ್ನೂ ಸೇರಿಸುತ್ತಿದ್ದಳು. ಕೊನೆಯ ಮಾತು ಮಾತ್ರ ಅವಳದೇ. "ಮೊದ್ಲು ಅವ್ನೇ ತಿರುಗ್ಸಿ ಪಕ್ಕದಲ್ಲಿ ನಿಂತ್ಕಳ್ಲಿ, ಆಮ್ಯಾಕೆ ನೀವು ಮುಟ್ಟಿ." ಅದು ಆ ಸೀಮೆಯಲ್ಲಿ ಕಟ್ಟಳೆಯೇ ಆಗಿಹೋಯಿತು. ಪಾವಗಡದಲ್ಲಿ ಒಮ್ಮೆ ನಾನೇ ಕಂಡೆ. ಸಾವ್ಕಾರ ಹೊಸ ಸುತ್ತಿಗೆ ಇಳಿಸಿದ್ದ. ಕೆಲಸಗಾರರು ಕೈಕಟ್ಟಿ ನಿಂತು, "ಮೀರೇ ತಿಪ್ಪಂಡಿ ಸಾಮಿ, ಮೇಮು ಚೂಸ್ತಾಮು" ಎಂದರು. ನೀವೇ ತಿರುಗಿಸಿ, ನಾವು ನೋಡ್ತೀವಿ ಎಂದು. ಆ ಸಿಲಿಂಡರಿನಲ್ಲಿ ನಿಜವಾಗಿ ಗಾಳಿಯೇ ಇತ್ತು. ಆದರೂ ಕೀಲಿ ತಿರುಗಿಸುವಷ್ಟರಲ್ಲಿ ಅವನ ಕೋಟಿನ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ದೂರದಲ್ಲಿ ಅಕ್ಕ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದಳು. ಸಂತೋಷವೆಂದರೆ ಅದು.

ಹೀಗೆ ಕೆಲವು ವರ್ಷ. ಅವನಿಗೆ ಕೆಲಸ ಕೊಡುವವರು ಕಮ್ಮಿಯಾದರು. ಆಮೇಲೆ ಕಾಯಿಲೆ ಹಿಡಿದು ಮಧುಗಿರಿಯ ಮನೆಯಲ್ಲಿ ಮಲಗಿದ. ಒಂದು ಮಧ್ಯಾಹ್ನ ಅವನ ಮಗ ಅಕ್ಕನ ಮನೆ ಹುಡುಕಿಕೊಂಡು ಬಂದ. ನಾನೂ ಅಲ್ಲೇ ಇದ್ದೆ.

"ಅಪ್ಪನ ಜೀವ ಹೋಗ್ತಾ ಇಲ್ಲಮ್ಮ. ನಿಮ್ಮ ಮಾತೇ ಆಡ್ತಾರೆ. ಒಂದು ಸಲ ಬಂದು, ಕ್ಷಮಿಸಿದೆ ಅಂದುಬಿಡಿ."

ಅಕ್ಕ ಅವನಿಗೆ ಮಜ್ಜಿಗೆ ಕೊಟ್ಟಳು. ಮಗನ ಮೇಲೆ ಅವಳಿಗೆ ದ್ವೇಷವಿರಲಿಲ್ಲ. ಒಳಗೆ ಹೋಗಿ ಬಳಪದ ಬಟ್ಟಲಿನಲ್ಲಿ ನೀರು ತುಂಬಿ, ಮೇಲೆ ಮುತ್ತುಗದ ಎಲೆ ಮುಚ್ಚಿ ತಂದು ನನ್ನ ಕೈಗಿಟ್ಟಳು. ಮಗ ಕಣ್ಣೀರು ಹಾಕಿಕೊಂಡು ಅವಳ ಕಾಲಿಗೆ ಬಿದ್ದ. ಅವನು ಗಾಡಿ ಹತ್ತಲು ಹೋದಾಗ ನಾನು ಮೆಲ್ಲಗೆ ಕೇಳಿದೆ, "ಕ್ಷಮಿಸಿಬಿಟ್ಯಾ ಅಕ್ಕ?"

"ನೀರು ಅಂತ ಹೇಳು. ನಂಬಿದ್ರೆ ಕುಡೀಲಿ."

ಸಾವ್ಕಾರ ಮೂಳೆ ಚಕ್ಕಳವಾಗಿದ್ದ. ನಾನು ಎಲೆ ಸರಿಸಿ ಬಟ್ಟಲನ್ನು ಮುಂದೆ ಹಿಡಿದೆ. "ಅಕ್ಕ ಕಳಿಸಿದ್ದಾಳೆ. ನೀರು. ಕುಡೀರಿ" ಎಂದೆ. ಅವನ ಕಣ್ಣು ಅಂಚಿನ ಬಳ್ಳಿಯ ಮೇಲೆ ಹೋಯಿತು. ಬಟ್ಟಲಿನ ಗುರುತು ಹತ್ತಿತು. ಸೊಸೆ ಚಮಚದಲ್ಲಿ ತೆಗೆದು ತುಟಿಗೆ ಮುಟ್ಟಿಸಿದಳು. ಅವನು ಹಲ್ಲು ಕಚ್ಚಿ ತುಟಿ ಮುಚ್ಚಿಕೊಂಡು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ನೀರು ಕೆನ್ನೆಯ ಮೇಲಿಂದ ದಿಂಬಿಗೆ ಇಳಿಯಿತು. ಮನೆಯವರು, ಎಂಥ ಪುಣ್ಯಾತ್ಗಿತ್ತಿ, ವೈರಿಯ ಬಾಯಿಗೆ ನೀರು ಕಳಿಸಿದ್ದಾಳೆ ಎಂದು ಅಳುತ್ತಿದ್ದರು. ಈಗ ಕೇರಿಯಲ್ಲಿ ಓಡಾಡುತ್ತಿರುವ ಮಾತು ಹುಟ್ಟಿದ್ದು ಅಲ್ಲಿ. ಉಳಿದ ನೀರನ್ನು ಅವನ ಎದುರಿಗೇ ನಾನು ಕುಡಿದು, ಬಟ್ಟಲು ಒರೆಸಿಕೊಂಡು ಹೊರಟೆ. ನಾನು ಊರು ಸೇರುವ ಮೊದಲೇ ಅವನು ಸತ್ತ ಸುದ್ದಿ ಬಂದಿತ್ತು.

ಅಕ್ಕ ಕುಲುಮೆಯ ಮುಂದೆ ಕೂತಿದ್ದಳು. ಬಟ್ಟಲು ಇಸಿದುಕೊಂಡು ಒಳಗೆ ಬಗ್ಗಿ ನೋಡಿದಳು.

"ಕುಡಿದ್ನಾ?"

"ಇಲ್ಲ ಅಕ್ಕ. ಒಂದು ಹನಿಯೂ ಕುಡೀಲಿಲ್ಲ."

ಅವಳು ತಿದಿಗೆ ಕೈ ಹಾಕಿದಳು. ಬೆಂಕಿ ಕೆಂಪಗೆ ಎದ್ದಿತು.

"ಅಂಗಾದ್ರೆ ಇನ್ನೂ ಆ ಹುಣಸೆಮರದ ಹಿಂದೇನೇ ಅವ್ನೆ" ಎಂದಳು.